ಯಾರಿಗೆ ಎಷ್ಟು ಗೊತ್ತಿರಬೇಕು: ಕಲಬುರಗಿಯ ಸಲಿಂಗಿ ವಿದ್ಯಾರ್ಥಿಯೊಬ್ಬನ ಕಾನೂನು, ಮನೆ ಮತ್ತು ರಾಜಕೀಯ

ಕಲಬುರಗಿಯ ಪದವಿ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಘಟಕದವರು ರಕ್ತದಾನ ಶಿಬಿರ ಇಟ್ಟುಕೊಂಡ ದಿನ ಸಭಾಂಗಣದ ಕುರ್ಚಿಗಳೆಲ್ಲ ಗೋಡೆಗೆ ಸರಿದು, ನಡುವೆ ನಾಲ್ಕಾರು ಮಂಚಗಳು ಬಂದಿರುತ್ತವೆ. ಬಾಗಿಲ ಬಳಿಯ ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣ, ಬಾಳೆಹಣ್ಣು ಮತ್ತು ದಾನಿಯ ಹೆಸರಿಗೆ ಜಾಗ ಬಿಟ್ಟ ಪ್ರಮಾಣಪತ್ರಗಳ ಕಟ್ಟು. ಹಿಂದಿನ ದಿನವೆಲ್ಲ ತರಗತಿಯಿಂದ ತರಗತಿಗೆ ಅಲೆದು ಗೆಳೆಯರನ್ನು ಒಪ್ಪಿಸಿ, ಮೂವತ್ತು ಜನರನ್ನು ಸಾಲಿಗೆ ನಿಲ್ಲಿಸಿದ ಸ್ವಯಂಸೇವಕನೊಬ್ಬ ತಾನು ಮಾತ್ರ ಮಂಚದ ಕಡೆ ಸುಳಿಯದೆ ನೀರಿನ ಬಾಟಲಿ ಹಂಚುತ್ತ ಓಡಾಡುತ್ತಾನೆ. ‘ಎಲ್ಲಾರನ್ನೂ ಕರಕೊಂಡ ಬಂದಿ, ನೀ ಯಾಕ ಕೊಡವಲ್ಲಿ?’ ಎಂದು ಮೇಷ್ಟ್ರು ಕೇಳಿದರೆ, ‘ನಿನ್ನೆಯಿಂದ ಜ್ವರ ಅದ ಸರ್’ ಎನ್ನುತ್ತಾನೆ. ಅವನಿಗೆ ಜ್ವರವಿಲ್ಲ. 2017ರಲ್ಲಿ ಹೊರಬಂದ ರಕ್ತದಾನಿಗಳ ಆಯ್ಕೆಯ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ಎಚ್‌ಐವಿ ಸೋಂಕಿನ ಅಪಾಯ ಹೆಚ್ಚೆಂದು ಹೇಳಿ ಯಾರ ರಕ್ತ ತೆಗೆದುಕೊಳ್ಳಬಾರದೆಂದು ಪಟ್ಟಿ ಮಾಡಲಾಗಿದೆಯೋ, ಅದರಲ್ಲಿ ಗಂಡಸರೊಂದಿಗೆ ಲೈಂಗಿಕ ಸಂಬಂಧವಿರುವ ಗಂಡಸರೂ ಸೇರಿದ್ದಾರೆ ಎಂಬುದನ್ನು ಅವನು ಫೋನಿನಲ್ಲಿ ಓದಿದ್ದಾನೆ.

ಈ ಹುಡುಗ ನಿಜವಾದ ಯಾವುದೇ ಒಬ್ಬನಲ್ಲ; ಪಾಠ ಮಾಡಿದ ವರ್ಷಗಳಲ್ಲಿ ನನ್ನ ಬಳಿ ಬಂದು ಅರ್ಧ ಮಾತಾಡಿ ಹೋದ ಹಲವರನ್ನು ಕೂಡಿಸಿ ಮಾಡಿಕೊಂಡವನು. ಚಿಂಚೋಳಿಯ ಕಡೆಯವನೆಂದುಕೊಳ್ಳೋಣ. ಅಪ್ಪನಿಗೆ ನಾಲ್ಕು ಎಕರೆ ತೊಗರಿ ಹೊಲ, ಇವನಿಗೆ ಸರ್ಕಾರಿ ಹಾಸ್ಟೆಲ್. ಅವನ ದಿನನಿತ್ಯದ ಬದುಕು, ಅವನು ಸೇರಿಕೊಳ್ಳುವ ಸಂಘ, ಅವನು ಮಾಡಬಹುದಾದ ರಾಜಕೀಯ ಇವನ್ನೆಲ್ಲ ಅರ್ಥ ಮಾಡಿಕೊಳ್ಳಬೇಕಾದರೆ, ಅವನಿಗೆ ಏನು ಹಕ್ಕಿದೆ ಎಂಬ ಪ್ರಶ್ನೆಗಿಂತ ಮೊದಲು, ಅವನ ವಿಷಯ ಯಾರಿಗೆ ಎಷ್ಟು ಗೊತ್ತಾಗಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. ರಕ್ತದಾನದ ಅರ್ಜಿಯನ್ನೇ ನೋಡಿ. ಆ ಮಾರ್ಗಸೂಚಿ ತಡೆಯುವುದು ಸಂಬಂಧವನ್ನೇ ಹೊರತು ಮನಸ್ಸಿನ ಒಲವನ್ನಲ್ಲ. ಯಾರ ಜೊತೆಯೂ ಸಂಬಂಧವೇ ಇಲ್ಲದ ಸಲಿಂಗಿ ಹುಡುಗನನ್ನು ಅದು ಮುಟ್ಟುವುದೇ ಇಲ್ಲ. ಆದರೆ ಆ ವ್ಯತ್ಯಾಸವನ್ನು ಬಿಡಿಸಿ ಕೇಳಬೇಕಾದರೆ ಅವನು ಸಾಲಿನಲ್ಲಿ ನಿಂತ ಗೆಳೆಯರೆದುರು ಬಾಯಿ ಬಿಡಬೇಕು. ಸಂಗ್ರಹಿಸಿದ ಪ್ರತಿ ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸಲೇಬೇಕೆಂಬ ನಿಯಮವಿದೆ. ಬ್ರಿಟನ್ 2021ರಲ್ಲಿ, ಅಮೆರಿಕ 2023ರಲ್ಲಿ ಗುಂಪಿನ ಮೇಲಿನ ಇಂಥ ತಡೆಯನ್ನು ಬಿಟ್ಟು, ಪ್ರತಿ ದಾನಿಯ ಇತ್ತೀಚಿನ ನಡವಳಿಕೆಯನ್ನು ವಿಚಾರಿಸುವ ಪದ್ಧತಿಗೆ ಬಂದವು. ನಮ್ಮ ಮಾರ್ಗಸೂಚಿಯನ್ನು ಪ್ರಶ್ನಿಸಿದ ಅರ್ಜಿ 2021ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅಷ್ಟರಲ್ಲಿ ಶಿಬಿರದ ದಿನ ಜ್ವರ ಬರುವುದು ತಪ್ಪುವುದಿಲ್ಲ.

ಪದದ ವಿಚಾರವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಪತ್ರಿಕೆಗಳು ಬಹುಕಾಲ ಬರೆದ ‘ಸಲಿಂಗಕಾಮಿ’ ಎಂಬ ಪದ ಮನುಷ್ಯನನ್ನು ಪೂರ್ತಿಯಾಗಿ ಕಾಮಕ್ಕೆ ಇಳಿಸಿಬಿಡುತ್ತದೆ. ಮಾವನ ಮಗಳನ್ನು ಕಟ್ಟಿಕೊಂಡು ಮೂರು ಮಕ್ಕಳ ತಂದೆಯಾದವನನ್ನು ನಾವು ಯಾವತ್ತೂ ಹಾಗೆ ಕಾಮದ ಹೆಸರಿನಿಂದ ಗುರುತಿಸುವುದಿಲ್ಲ. ಹಾಗಾಗಿ ಈಗ ಬಳಕೆಗೆ ಬರುತ್ತಿರುವ ‘ಸಲಿಂಗಿ’ ವಾಸಿ. ಸಂಘಟನೆಗಳ ಕರಪತ್ರದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂದಿರುತ್ತದೆ, ಹುಡುಗರು ತಮ್ಮತಮ್ಮಲ್ಲಿ ‘ಗೇ’ ಎನ್ನುತ್ತಾರೆ. ಮೈದಾನದಲ್ಲಿ ಕೇಳಿಬರುವ ಪದ ಮಾತ್ರ ಬೇರೆ. ಚೆಂಡು ಗೆರೆ ದಾಟಿ ಹಾರಿದಾಗ ‘ಛಕ್ಕಾ’ ಎಂದು ಕುಣಿಯುವ ಹುಡುಗರೇ, ಮರು ಓವರಿನಲ್ಲಿ ಕ್ಯಾಚು ಬಿಟ್ಟ ಮೆತ್ತನೆಯ ನಡಿಗೆಯ ಹುಡುಗನ ಮೇಲೆ ಅದೇ ಪದವನ್ನು ಎಸೆಯುತ್ತಾರೆ. ಮೊದಲನೆಯದರಲ್ಲಿ ಇವನೂ ಕೂಗಿಗೆ ದನಿ ಸೇರಿಸಿರುತ್ತಾನೆ.

ಇನ್ನು ಕಾನೂನು. 1860ರ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ‘ಪ್ರಕೃತಿ ನಿಯಮಕ್ಕೆ ವಿರುದ್ಧವಾದ’ ಸಂಭೋಗವನ್ನು, ಇಬ್ಬರೂ ವಯಸ್ಕರಾಗಿ ಒಪ್ಪಿಕೊಂಡಿದ್ದರೂ, ಅಪರಾಧವೆಂದಿತ್ತು. ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಇಂಥವರು ದೇಶದ ಜನಸಂಖ್ಯೆಯ ಅತಿ ಸಣ್ಣ ಪಾಲು ಎಂದಿತು. ಈ ಕಥೆ ಮಗ್ಗುಲು ಬದಲಿಸಿದ್ದು ಒಬ್ಬ ಕನ್ನಡಿಗರು ಹೂಡಿದ ಮೊಕದ್ದಮೆಯಿಂದ, ಅದೂ ಆಧಾರ್ ವಿಷಯವಾಗಿ, ಎಂಬುದು ನಮ್ಮಲ್ಲಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿ, ಲೈಂಗಿಕ ಒಲವು ಆ ಖಾಸಗಿತನದ ಭಾಗವೆಂದೂ, ಜನ ಕಡಿಮೆಯಿದ್ದಾರೆ ಎಂಬುದು ಹಕ್ಕನ್ನು ನಿರಾಕರಿಸಲು ಕಾರಣವಾಗದೆಂದೂ ಹೇಳಿತು. ಅದರ ಮುಂದಿನ ಹೆಜ್ಜೆಯೇ 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು. ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದರು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಸೆಕ್ಷನ್ ಇಲ್ಲವೇ ಇಲ್ಲ. ಇದರಿಂದ ಒಳಿತಾದಂತೆ ಒಂದು ತೊಡಕೂ ಆಗಿದೆ. ಒಪ್ಪಿಗೆಯಿಲ್ಲದೆ ಒಬ್ಬ ವಯಸ್ಕ ಗಂಡಸಿನ ಮೇಲೆ ಇನ್ನೊಬ್ಬ ಗಂಡಸು ನಡೆಸುವ ಲೈಂಗಿಕ ದೌರ್ಜನ್ಯಕ್ಕೆ 2018ರ ನಂತರವೂ ಅನ್ವಯವಾಗುತ್ತಿದ್ದುದು ಅದೇ ಸೆಕ್ಷನ್. ಅತ್ಯಾಚಾರದ ವ್ಯಾಖ್ಯೆ ಹೆಣ್ಣನ್ನು ಮಾತ್ರ ಸಂತ್ರಸ್ತೆಯೆಂದು ಗಣಿಸುವುದರಿಂದ, ಈಗ ಅಂಥ ಹುಡುಗ ಹಲ್ಲೆ, ಬೆದರಿಕೆ, ಅಕ್ರಮ ಬಂಧನದಂಥ ಬೇರೆ ಸೆಕ್ಷನ್‌ಗಳನ್ನು ಹಿಡಿದು ದೂರು ಕೊಡಬೇಕಾಗಿದೆ. ಹದಿನೆಂಟು ತುಂಬದವರಿಗೆ ಮಾತ್ರ 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದವಿಲ್ಲದೆ ರಕ್ಷಣೆ ಕೊಡುತ್ತದೆ.

ಮದುವೆಯ ಪ್ರಶ್ನೆಯಲ್ಲಿ ಬಾಗಿಲು ಮುಚ್ಚಿದೆ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಅದನ್ನು ಕೊಡುವುದು ಬಿಡುವುದು ಶಾಸಕಾಂಗದ ಕೆಲಸ ಎಂದಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು. ಆ ತೀರ್ಪಿನ ಬೆನ್ನಿಗೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿ, 2024ರಲ್ಲಿ ಕೆಲವು ಸೂಚನೆಗಳನ್ನು ಹೊರಡಿಸಿತು: ಇಂಥ ಸಂಗಾತಿಗಳು ಜಂಟಿ ಬ್ಯಾಂಕ್ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಅಡ್ಡಿಯಿಲ್ಲ, ಪಡಿತರ ಚೀಟಿಯ ಮಟ್ಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು. ಚಿಂಚೋಳಿಯ ಹುಡುಗನಿಗೆ ಇವು ಇನ್ನೂ ಹತ್ತು ವರ್ಷ ಮುಂದಿನ ಮಾತು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕರ್ನಾಟಕವು 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಕೊಟ್ಟ ಶೇ 1ರ ಮೀಸಲಾತಿ, 2019ರ ಕೇಂದ್ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪತ್ರ, ಇವೆಲ್ಲ ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲವೆಂದು ತಿಳಿದವರಿಗೆ, ಸಂಬಂಧಿಸಿದವು. ತಾನು ಗಂಡೇ ಎಂದು ತಿಳಿದಿರುವ, ಗಂಡಿನ ಮೇಲೆಯೇ ಮನಸ್ಸಾಗುವ ಹುಡುಗನಿಗೂ ಇವಕ್ಕೂ ಸಂಬಂಧವಿಲ್ಲ. ನಮ್ಮ ಜನಕ್ಕೆ ಈ ಎರಡನ್ನು ಬೇರ್ಪಡಿಸಿ ನೋಡುವುದು ಕಷ್ಟವಾಗಲು ಕಾರಣವೂ ಇದೆ. ಸೀರೆಯುಟ್ಟು ಎಲ್ಲಮ್ಮನ ಕೊಡ ಹೊತ್ತ ಜೋಗಪ್ಪ ಉತ್ತರ ಕರ್ನಾಟಕಕ್ಕೆ ಹೊಸಬರಲ್ಲ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ಪದ್ಮಶ್ರೀ ಪಡೆದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿ ಮೆಚ್ಚಿದ್ದಾರೆ. ಆದರೆ ಮೀಸೆ ಬಿಟ್ಟು, ಪ್ಯಾಂಟು ಅಂಗಿ ತೊಟ್ಟು, ಹೊಲದಲ್ಲಿ ಎತ್ತು ಹೊಡೆಯುವ ಮಗ ಸಲಿಂಗಿಯಾಗಿರಬಹುದು ಎಂಬುದಕ್ಕೆ ಜನರ ಮನಸ್ಸಿನಲ್ಲಿ ಜಾಗವೇ ಇಲ್ಲ. ಈ ಜಾಗವಿಲ್ಲದಿರುವಿಕೆಯೇ ಅವನಿಗೆ ಎಷ್ಟೋ ಸಲ ಮರೆಯಾಗಿಯೂ ಒದಗುತ್ತದೆ ಎಂಬುದು ವಿಚಿತ್ರ. ಗುರುತಾದವರ ಪಾಡು ಈ ನೆಲದಲ್ಲಿ ಏನಾಗಿತ್ತು ಎಂಬುದಕ್ಕೆ ಹಳೆಯ ಸಾಕ್ಷಿಯಿದೆ: ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1919ರ ಸುಮಾರಿಗೆ ಹೈದರಾಬಾದ್ ಸಂಸ್ಥಾನ ತಂದ ಕಾಯ್ದೆಯೊಂದು ಲಿಂಗತ್ವ ಅಲ್ಪಸಂಖ್ಯಾತರ ಹೆಸರು, ವಿಳಾಸಗಳನ್ನು ಬರೆದಿಡಲು ಸರ್ಕಾರಿ ದಾಖಲೆಯನ್ನೇ ಇಡಿಸಿತ್ತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದುಮಾಡಿದ್ದು 2023ರಲ್ಲಿ.

ಮನೆಯ ವಿಷಯಕ್ಕೆ ಬಂದರೆ, ಕಾನೂನಿನ ಪುಸ್ತಕ ಮುಚ್ಚಿಡಬೇಕಾಗುತ್ತದೆ. ನಮ್ಮ ಕಡೆ ಸೋದರಮಾವನ ಮಗಳೋ ಅಕ್ಕನ ಮಗಳೋ ಹುಟ್ಟಿದಾಗಲೇ ತೊಟ್ಟಿಲ ಬಳಿ ‘ಇಕಿ ನಮ್ಮ ಹುಡುಗಗ’ ಎಂದು ಮಾತಾಗಿರುವುದುಂಟು. ಹಾಗಾಗಿ ಇವನ ‘ಇಲ್ಲ’ ಎಂಬ ಮಾತು ಲಗ್ನಕ್ಕೆ ಹೇಳಿದ ಮಾತಾಗಿ ಉಳಿಯದೆ, ತವರಿಗೂ ತಾಯಿಗೂ ನಡುವೆ ಇಪ್ಪತ್ತು ವರ್ಷ ಬೆಳೆದ ಸಂಬಂಧಕ್ಕೆ ಹೇಳಿದ ಮಾತಾಗಿಬಿಡುತ್ತದೆ. ಓದು ಮುಗಿಯುವ ತನಕ ‘ನೌಕರಿ ಸಿಗಲಿ, ಆಮೇಲೆ ನೋಡೋಣ’ ಎಂಬ ನೆಪ ನಡೆಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆಂದು ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ವರ್ಷಗಟ್ಟಲೆ ಉಳಿಯುವ ಹುಡುಗರಲ್ಲಿ ಕೆಲವರು ಬರಿಯ ಪರೀಕ್ಷೆಗಾಗಿ ಉಳಿದಿಲ್ಲ. ಪಾಲಕರೆಲ್ಲ ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ಫೀಸು, ಬಸ್ಸಿನ ಪಾಸು, ತಿಂಗಳಿಗೊಮ್ಮೆ ಊರಿನಿಂದ ಬರುವ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಇವೆಲ್ಲ ಒಂದೇ ದಾರದಲ್ಲಿ ಕಟ್ಟಿದ್ದರೆ, ಆ ದಾರವನ್ನು ಎಳೆದು ನೋಡುವ ಧೈರ್ಯ ಇಪ್ಪತ್ತರ ಹುಡುಗನಿಗೆ ಬರುವುದು ಸುಲಭವಲ್ಲ. ದಲಿತ ವಿದ್ಯಾರ್ಥಿಗೆ, ಮೊದಲ ಸಲ ಊರು ಬಿಟ್ಟು ಓದಲು ಬಂದವನಿಗೆ, ಹಾಸ್ಟೆಲ್ ಹೋದರೆ ಓದೇ ಹೋಯಿತು. ಆದ್ದರಿಂದ ದೊಡ್ಡ ನಗರದ ಗೆಳೆಯರು ಕೊಡುವ ‘ಮನೆಯಲ್ಲಿ ಹೇಳಿಬಿಡು, ಹಗುರಾಗುತ್ತದೆ’ ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಕೈಗೆ ಸ್ವಂತ ದುಡಿಮೆ ಬರುವ ಮುಂಚೆ ಹೇಳುವುದು, ಬಿಡುವುದು ಅವನ ಲೆಕ್ಕಾಚಾರ.

ಮನೆಯಲ್ಲಿ ಗೊತ್ತಾದಾಗ ಮೊದಲು ತಾಯತ, ಆಮೇಲೆ ಡಾಕ್ಟರು. ಇಲ್ಲಿ ಮಾತ್ರ ಪಾಲಕರಿಗೆ ಸ್ಪಷ್ಟವಾಗಿ ಹೇಳಬಹುದಾದ ಸಂಗತಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಸಮುದಾಯದ ನೈತಿಕ, ಸಾಮಾಜಿಕ ಕಟ್ಟುಪಾಡಿಗೆ ಒಗ್ಗುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಎನ್ನುವಂತಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶಗಳ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಒಲವನ್ನು ಬದಲಿಸುತ್ತೇನೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ತಿಳಿಸಿತು. ಬಸ್ ನಿಲ್ದಾಣದ ಗೋಡೆಯ ‘ಗುಪ್ತರೋಗ ತಜ್ಞ’ನಿಗೆ ಇದ್ಯಾವುದೂ ತಟ್ಟುವುದಿಲ್ಲ ಎಂಬುದು ಬೇರೆ ಮಾತು. ಹುಡುಗನಿಗೆ ನಿಜವಾಗಿಯೂ ನಿದ್ದೆ ಕೆಟ್ಟಿದ್ದರೆ, ಬದುಕು ಸಾಕೆನಿಸಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಹಣ ಕೊಡಬೇಕಿಲ್ಲ.

ವಯಸ್ಕನಾದ ಮಗನನ್ನೋ ಮಗಳನ್ನೋ ಮನೆಯವರು ಕೂಡಿಹಾಕಿದರೆ ಅವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಕಲಬುರಗಿಯಲ್ಲೇ ಇರುವುದರಿಂದ ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ. ಇಂಥ ಅರ್ಜಿಗಳಲ್ಲಿ ನ್ಯಾಯಾಲಯಗಳು ಆ ವ್ಯಕ್ತಿಯ ಇಚ್ಛೆಯನ್ನು ಮನೆಯವರಿಲ್ಲದ ಕಡೆ ಕೇಳಿ ತಿಳಿಯಬೇಕು, ಆಪ್ತಸಲಹೆಯ ಹೆಸರಿನಲ್ಲಿ ಒಲವು ಬದಲಿಸಲು ಹೊರಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಕೊಟ್ಟಿದೆ.

ಊರಿನಲ್ಲಿ ಇಂಥವರು ಒಬ್ಬರನ್ನೊಬ್ಬರು ಕಾಣುವುದು ಬಹುಮಟ್ಟಿಗೆ ಫೋನಿನ ಡೇಟಿಂಗ್ ಆ್ಯಪ್‌ಗಳಲ್ಲಿ. ಎದುರಿನವರು ಎಷ್ಟು ದೂರದಲ್ಲಿದ್ದಾರೆಂದು ತೋರಿಸುವ ಆ ಪರದೆ, ಐದು ಲಕ್ಷಕ್ಕೂ ಹೆಚ್ಚು ಜನರಿರುವ ನಗರದಲ್ಲೂ ಒಂದು ಓಣಿಯಷ್ಟು ಇಕ್ಕಟ್ಟು. ಮುಖವಿಲ್ಲದ ಚಿತ್ರದ ಹಿಂದೆ ಸಹಪಾಠಿಯಿರಬಹುದು, ದೂರದ ನೆಂಟನಿರಬಹುದು, ಅಥವಾ ರಿಂಗ್ ರಸ್ತೆಯ ಆಚೆ ಕರೆಸಿಕೊಂಡು ವಿಡಿಯೊ ಮಾಡಿ, ‘ನಿಮ್ಮಪ್ಪಗ ಕಳಸ್ತೀನಿ’ ಎಂದು ಫೋನ್‌ಪೇ ಮಾಡಿಸಿಕೊಳ್ಳುವ ಗುಂಪಿರಬಹುದು. ಈ ವಸೂಲಿ ಹೊಸದೇನಲ್ಲ. 1860ರ ಸಂಹಿತೆಯ 388, 389ನೇ ಸೆಕ್ಷನ್‌ಗಳು, 377ರ ಆರೋಪ ಹೊರಿಸುತ್ತೇನೆಂದು ಹೆದರಿಸಿ ಸುಲಿಗೆ ಮಾಡುವವನಿಗೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿದ್ದವು. ಅಂದರೆ ತಾವು ಬರೆದ ಕಾನೂನಿನಿಂದ ಯಾವ ದಂಧೆ ಹುಟ್ಟುತ್ತದೆಂಬುದು ಬರೆದವರಿಗೇ ಗೊತ್ತಿತ್ತು. ಈಗ ಆ ಸಂಬಂಧ ಅಪರಾಧವಲ್ಲ, ಸುಲಿಗೆ ಮಾತ್ರ ನ್ಯಾಯ ಸಂಹಿತೆಯ 308ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಖಾತೆಯಲ್ಲೇ ಅದನ್ನು ತಡೆಹಿಡಿಸುವ ಅವಕಾಶವಿರುತ್ತದೆ. ಆದರೂ ಹೆಚ್ಚಿನವರು ಠಾಣೆಗೆ ಹೋಗುವುದಿಲ್ಲ, ಏಕೆಂದರೆ ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಅಲ್ಲಿಗ್ಯಾಕ ಹೋಗಿದ್ದಿ?’ ಎಂಬುದೇ. ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಹೋದರೆ ಆ ಪ್ರಶ್ನೆಯ ದನಿ ಎಷ್ಟು ಬದಲಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಮುಚ್ಚಿಟ್ಟುಕೊಂಡವನು ರಾಜಕೀಯ ಮಾಡುವುದು ಹೇಗೆ? ರಾಜಕೀಯವೆಂದರೆ ಕಾಮನಬಿಲ್ಲಿನ ಬಾವುಟ ಹಿಡಿದು ನಡೆಯುವುದು ಎಂಬ ಚಿತ್ರ ಬೆಂಗಳೂರಿನಿಂದ ಬಂದದ್ದು. ಅಲ್ಲಿ 2008ರಿಂದ ಇಂಥ ನಡಿಗೆ ನಡೆಯುತ್ತಿದೆ. ಇಲ್ಲಿಂದ ರೈಲು ಹತ್ತಿ ಹೋಗಿ ಬರುವವರೂ ಇದ್ದಾರೆ, ಮರಳುವಾಗ ಯಾದಗಿರಿ ದಾಟುವಷ್ಟರಲ್ಲಿ ಬೋಗಿಯ ಬೇಸಿನ್ನಿನಲ್ಲಿ ಕೆನ್ನೆಯ ಬಣ್ಣ ತೊಳೆದುಕೊಂಡಿರುತ್ತಾರೆ. ಆದರೆ ಕಲಬುರಗಿಯ ವಿದ್ಯಾರ್ಥಿಗೆ ಮೊದಲು ಎದುರಾಗುವ ರಾಜಕೀಯ ಇನ್ನೊಂದು ಬಗೆಯದು: ತಡವಾದ ವಿದ್ಯಾರ್ಥಿವೇತನ, ಹಾಸ್ಟೆಲ್ಲಿನ ಊಟ, ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದವರಿಗೆ ಮೀಸಲಾದ ಹುದ್ದೆಗಳ ಭರ್ತಿ. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆ, ಅದಕ್ಕೆ ವಿಶೇಷ ರಕ್ಷಣೆ ಬೇಕು ಎಂದು ದಶಕಗಳ ಕಾಲ ಹೋರಾಡಿ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿಸಿಕೊಂಡ ನಾಡು ಇದು. ಸಮಾನತೆಯೆಂದರೆ ಎಲ್ಲರನ್ನೂ ಒಂದೇ ಅಳತೆಯಲ್ಲಿ ಅಳೆಯುವುದಲ್ಲ ಎಂಬುದನ್ನು ಇಲ್ಲಿನ ಹುಡುಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಜಿಲ್ಲಾಧಿಕಾರಿ ಕಚೇರಿಯೆದುರಿನ ಧರಣಿಯಲ್ಲಿ ನಮ್ಮ ಹುಡುಗನೂ ಕೂತಿರುತ್ತಾನೆ, ಘೋಷಣೆಯನ್ನೂ ಕೂಗಿರುತ್ತಾನೆ. ಕಾಲೇಜು ಚುನಾವಣೆಗಳು ಈ ರಾಜ್ಯದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯದಿದ್ದುದರಿಂದ ವಿದ್ಯಾರ್ಥಿ ಸಂಘಟನೆಗಳೇ ಅವನಿಗಿರುವ ವೇದಿಕೆ. ಅವು ಅವನ ಮಟ್ಟಿಗೆ ಎಷ್ಟು ಸುರಕ್ಷಿತ ಎಂಬುದನ್ನು ಸಂಘಟನೆಯ ಬಣ್ಣದಿಂದ ಹೇಳಲು ಬರುವುದಿಲ್ಲ. ವೇದಿಕೆಯ ಮೇಲೆ ಸಮಾನತೆಯ ಭಾಷಣ ಮಾಡಿ, ಸಭೆ ಮುಗಿದ ಮೇಲೆ ಚಹಾದ ಅಂಗಡಿಯಲ್ಲಿ ಮೈದಾನದ ಅದೇ ಪದದಿಂದ ನಗುವವರನ್ನು ಅವನು ನೋಡಿರುತ್ತಾನೆ.

ಪಕ್ಷಗಳ ನಿಲುವನ್ನು ಮಾತ್ರ ಬರೆದದ್ದು, ಆಡಿದ್ದು ನೋಡಿ ಹೇಳಬಹುದು. ಕಾಂಗ್ರೆಸ್ 2024ರ ಪ್ರಣಾಳಿಕೆಯಲ್ಲಿ, ವ್ಯಾಪಕ ಸಮಾಲೋಚನೆಯ ನಂತರ ಇಂಥ ಜೋಡಿಗಳ ನಾಗರಿಕ ಒಡನಾಟಕ್ಕೆ (ಮದುವೆಯೆನ್ನದೆ ಕಾನೂನು ಗುರುತಿಸುವ ಜೊತೆಬಾಳು, ‘ಸಿವಿಲ್ ಯೂನಿಯನ್’) ಮಾನ್ಯತೆ ಕೊಡುವ ಕಾನೂನು ತರುವುದಾಗಿ ಬರೆಯಿತು. ಸಿಪಿಎಂ ಕೂಡ ಇಂಥ ಜೋಡಿಗಳಿಗೆ ಕಾನೂನಿನ ಮಾನ್ಯತೆಯ ಭರವಸೆ ಕೊಟ್ಟಿತು. ಬಿಜೆಪಿ ನೇತೃತ್ವದ ಕೇಂದ್ರ ಸರ್ಕಾರ 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸಲಿಂಗ ವಿವಾಹವನ್ನು ವಿರೋಧಿಸಿತು; ಅದೇ ವರ್ಷದ ಜನವರಿಯಲ್ಲಿ ಆರ್‌ಎಸ್‌ಎಸ್ ಮುಖ್ಯಸ್ಥ ಮೋಹನ್ ಭಾಗವತ್ ಸಂದರ್ಶನವೊಂದರಲ್ಲಿ, ಇಂಥವರು ಸಮಾಜದಲ್ಲಿ ಹಿಂದಿನಿಂದಲೂ ಇದ್ದವರು, ಅವರಿಗೂ ಬದುಕುವ ಹಕ್ಕಿದೆ ಎಂಬರ್ಥದ ಮಾತಾಡಿದ್ದರು. ಇವನ್ನು ತೂಗಿ ನೋಡಿ ಮತ ಹಾಕಲು ಯಾರಿಗೂ ಏನನ್ನೂ ಹೇಳಬೇಕಿಲ್ಲ. ಬೇರೆ ಊರಿನಿಂದ ಬಂದ ವಿದ್ಯಾರ್ಥಿ ತಾನಿರುವ ಹಾಸ್ಟೆಲ್ಲಿನ ವಿಳಾಸದಲ್ಲೇ ನಮೂನೆ 6 ತುಂಬಿ ಮತದಾರನಾಗಬಹುದು. ಪದವಿ ಮುಗಿದು ಮೂರು ವರ್ಷವಾದ ಮೇಲೆ ನಮೂನೆ 18 ತುಂಬಿ ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರಕ್ಕೂ ಮತ ಹಾಕಬಹುದು. ಮತ ಕೇಳಲು ಬಂದ ಅಭ್ಯರ್ಥಿಗೆ ರಕ್ತದಾನದ ಮಾರ್ಗಸೂಚಿಯ ಬಗ್ಗೆ ಪ್ರಶ್ನೆ ಹಾಕುವುದಕ್ಕೆ ಪ್ರಶ್ನೆ ಕೇಳಿದವನು ಸಲಿಂಗಿಯಾಗಿರಬೇಕೆಂದೇನೂ ಇಲ್ಲ. ಎನ್‌ಎಸ್‌ಎಸ್‌ನ ಯಾವ ಹುಡುಗಿಯೂ, ಯಾವ ಮೇಷ್ಟ್ರೂ ಕೇಳಬಹುದು. ಇಂಥ ಊರುಗಳಲ್ಲಿ ಈ ಕೆಲಸ ಮೊದಲು ನಡೆಯಬೇಕಾದದ್ದು ಬಚ್ಚಿಡಲು ಏನೂ ಇಲ್ಲದವರಿಂದ.

ಅವರಿಗೆ ಕೈಗೆಟುಕುವ ಮೊದಲ ಕಾಗದ ಕಾಲೇಜಿನಲ್ಲೇ ಇದೆ. 2009ರ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಾವಳಿಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಬಣ್ಣ, ಜಾತಿ, ಧರ್ಮ, ಭಾಷೆ, ಊರುಗಳ ಜೊತೆಗೆ ಲೈಂಗಿಕ ಒಲವಿನ ಕಾರಣಕ್ಕೆ ವಿದ್ಯಾರ್ಥಿಯನ್ನು ಹಂಗಿಸುವುದು, ದೂರ ಇಡುವುದು ಕೂಡ ರ‍್ಯಾಗಿಂಗ್. ಹೊಸಬನಿಗೆ ಮಾಡಿದರೂ ಹಳಬನಿಗೆ ಮಾಡಿದರೂ ಒಂದೇ. ದೂರನ್ನು 1800-180-5522ಕ್ಕೆ ಕರೆ ಮಾಡಿ ಕೊಡಬಹುದು. ಪ್ರತಿ ವರ್ಷ ಪ್ರವೇಶದ ಹೊತ್ತಿಗೆ ವಿದ್ಯಾರ್ಥಿ ಕೊಡುವ ಮುಚ್ಚಳಿಕೆಯಲ್ಲಿ, ಈ ನಿಯಮಾವಳಿಯನ್ನು, ಅದರಲ್ಲೂ ರ‍್ಯಾಗಿಂಗ್ ಎಂದರೇನೆಂದು ಹೇಳುವ ಮೂರನೇ ನಿಯಮವನ್ನು ಓದಿಕೊಂಡಿದ್ದೇನೆ ಎಂಬ ಮಾತಿರುತ್ತದೆ. ಅಂಥದೇ ಇನ್ನೊಂದು ಮುಚ್ಚಳಿಕೆಯನ್ನು ಪಾಲಕರೂ ಬರೆದುಕೊಡಬೇಕು.

ಜೂನ್ ತಿಂಗಳಿನಲ್ಲಿ ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ, ತೊಗರಿ ಬಿತ್ತನೆ ಬಿಟ್ಟು ಬೆಳಗಿನ ಬಸ್ಸಿಗೆ ಬಂದ ಅಪ್ಪ ಕನ್ನಡಕ ಹುಡುಕುತ್ತ ಕೂತಿದ್ದಾನೆ. ‘ಇದರಾಗ ಏನ್ ಬರದಾರ ತಮ್ಮಾ?’ ಎನ್ನುತ್ತಾನೆ. ‘ಯಾರನ್ನೂ ಕಾಡಬಾರದಂತ ಬರದಾರ ಅಪ್ಪಾ’ ಎಂದು ಮಗ ಬೆರಳಿಟ್ಟು ಜಾಗ ತೋರಿಸುತ್ತಾನೆ, ಅಪ್ಪ ಸಹಿ ಹಾಕುತ್ತಾನೆ.